ಮಣ್ಣಿಗೆ ಹಾಕಿದ ಹೆಪ್ಪು

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮನೆಯೆಲ್ಲ ಬೆಲ್ಲ ಕರಗುವ ವಾಸನೆ. ಯಾವ ಹಬ್ಬ ಮರೆತೆನಪ್ಪಾ ಎಂದು ಗಾಬರಿಯಾಗಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಹಬ್ಬವೇನೂ ಇರಲಿಲ್ಲ. ಅಡುಗೆಮನೆಗೆ ಹೋದರೆ ನಮ್ಮವರು ಒಲೆಯ ಮುಂದೆ ನಿಂತು ಪುಟ್ಟ ಪಾತ್ರೆಯಲ್ಲಿ ಬೆಲ್ಲದ ನೀರು ಕುದಿಸುತ್ತಿದ್ದರು. ಪಕ್ಕದಲ್ಲಿ ಒಂದು ಬಟ್ಟಲು ಅಲಸಂದೆ ಕಾಳು, ಒಂದು ಕರಿ ಪುಡಿಯ ಪೊಟ್ಟಣ. ಪಾಯಸಕ್ಕೆಂದು ನಾಲಿಗೆಯನ್ನು ಸಿದ್ಧಮಾಡಿಕೊಂಡು ಬಂದವಳಿಗೆ ನಿರಾಸೆಯಾಯಿತು. ಈ ಬೆಲ್ಲ ನಮಗಲ್ಲ, ಬ್ಯಾಕ್ಟೀರಿಯಾಕ್ಕೆ.

"ಆರ್ಬೇಕು ಅದು, ಮುಟ್ಬೇಡ," ಎಂದರು. ನಾನು ಕೈಯನ್ನೇ ಚಾಚಿರಲಿಲ್ಲ, ನೋಡಿ. ಆದರೆ ಮುಟ್ಟದೆ ಇರುವ ಹೆಂಗಸು ನಾನಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ವಿಧಾನ ಸುಲಭ. ಬೆಲ್ಲದ ನೀರು ಪೂರ್ತಿ ಆರಿದ ಮೇಲೆ ಅದಕ್ಕೆ ಕರಿ ಪುಡಿ ಕಲಸಬೇಕು. ಆ ಪುಡಿಯಲ್ಲಿ ದ್ವಿದಳ ಧಾನ್ಯದ ಬೇರಿಗೆ ಬೇಕಾದ ಬ್ಯಾಕ್ಟೀರಿಯಾ ಇರುತ್ತದೆ. ಕಾಳನ್ನು ಅದರಲ್ಲಿ ಹೊರಳಿಸಿ, ನೆರಳಲ್ಲಿ ಹರವಿ, ಅದೇ ದಿನ ಬಿತ್ತಬೇಕು. ಬಿಸಿಯಿರುವಾಗಲೇ ಕಲಸಿದರೆ ಪಾಪದ ಜೀವಗಳು ಅಲ್ಲೇ ಸಾಯುತ್ತವೆ. ಪೊಟ್ಟಣ ಕತ್ತರಿಸಿದಾಗ ಬರುವ ವಾಸನೆಯೊಂದಿದೆ, ಮಳೆ ನಿಂತ ಮೇಲೆ ಹೂವಿನ ಕುಂಡ ಎತ್ತಿದರೆ ಅಡಿಯಲ್ಲಿ ಬರುತ್ತದಲ್ಲ, ಹಾಗೆ. ಆ ವಾಸನೆಗೆ ನನಗೆ ನೆನಪಾಗುವುದು ಶಾಂತಕ್ಕ. ಶಾಂತಕ್ಕ ನೆನಪಾದರೆ ಆ ವರ್ಷ ನೆನಪಾಗುತ್ತದೆ. ಆ ವರ್ಷ ನೆನಪಾದರೆ ನನ್ನ ಮುಖಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ಎರಡು ಸಾವಿರದ ಎಂಟರ ಅಕ್ಟೋಬರು. ನಮ್ಮವರು ಕೆಲಸ ಮಾಡುತ್ತಿದ್ದ ಮ್ಯಾನ್‌ಹಟನ್ನಿನ ಬ್ಯಾಂಕು ಒಂದು ಬುಧವಾರ ಇಡೀ ಮಹಡಿಯ ಜನರನ್ನು ಮನೆಗೆ ಕಳಿಸಿತು. ಆಫೀಸು ಕೊಟ್ಟಿದ್ದ ಫೋನನ್ನು ಆಫೀಸೇ ವಾಪಸು ಇಸಿದುಕೊಂಡಿತು. ನಾವಿರುವ ಮೆಟುಚೆನ್ ಊರಿನ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿನ ಯಾವ ಬಾಗಿಲು ಯಾವ ಕಂಬದ ಎದುರಿಗೆ ಬಂದು ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು ಅವರು. ಅಂಥವರು ಬೇಸ್‌ಮೆಂಟಿಗೆ ಇಳಿದು ಕುಳಿತುಬಿಟ್ಟರು. ರೆಸ್ಯೂಮೆ ಕಳಿಸುತ್ತಿದ್ದರು, ಕಳಿಸುವುದು ಮುಗಿದ ಮೇಲೆ ಗೋಡೆ ನೋಡುತ್ತಿದ್ದರು. ಊಟಕ್ಕೆ ಕರೆದರೆ ಮೇಲೆ ಬಂದು, ಉಂಡು, ತಟ್ಟೆ ತೊಳೆದಿಟ್ಟು ಮತ್ತೆ ಕೆಳಗೆ ಹೋಗುತ್ತಿದ್ದರು. ಮಾತು ಎಂಬುದು ದಿನಕ್ಕೆ ಹತ್ತು ಶಬ್ದಕ್ಕೆ ಇಳಿಯಿತು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳಬೇಕು. ಎಡಿಸನ್ನಿನ ಒಬ್ಬ ಹಲ್ಲಿನ ಡಾಕ್ಟರ ಬಳಿ ನಾನು ರಿಸೆಪ್ಷನಿಸ್ಟ್ ಆಗಿದ್ದೆ. ಡಾಕ್ಟರು ಎದುರಿಗೇ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರೂ "ಡಾಕ್ಟರ್ ಈಸ್ ವಿತ್ ಎ ಪೇಷಂಟ್" ಎಂದು ಜೇನಿನಂಥ ದನಿಯಲ್ಲಿ ಹೇಳುವುದು ನನ್ನ ಕೆಲಸ. ಯಾರು ಫೋನ್ ಮಾಡಿದರು, ಎಷ್ಟು ಹೊತ್ತಿಗೆ, ಯಾಕೆ ಎಂದು ಪುಸ್ತಕದಲ್ಲಿ ಬರೆದಿಡುವುದೂ ನನ್ನ ಕೆಲಸವೇ. ಆ ವಿದ್ಯೆಯನ್ನು ನಾನು ಮನೆಗೂ ತಂದೆ.

ಮೊದಲ ವಾರ ಅವರ ಗೆಳೆಯರೊಬ್ಬರು ಮನೆಯ ಫೋನಿಗೆ ಕರೆ ಮಾಡಿದಾಗ ನಮ್ಮವರು ಕೈ ಅಲ್ಲಾಡಿಸಿ, "ನಾನಿಲ್ಲ ಅಂತ ಹೇಳು," ಎಂದರು. ಹೇಳಿದೆ. ಆಮೇಲೆ ಅವರು ಮತ್ತೆ ಯಾವತ್ತೂ ಹಾಗೆ ಹೇಳಲಿಲ್ಲ, ನಾನು ಮಾತ್ರ ನಿಲ್ಲಿಸಲಿಲ್ಲ. ಫೋನಿದ್ದದ್ದು ಮೇಲೆ, ಅದರ ಸದ್ದು ಬೇಸ್‌ಮೆಂಟಿಗೆ ಕೇಳಿಸುತ್ತಿರಲಿಲ್ಲ. ಹಗಲು ಆನ್ಸರಿಂಗ್ ಮೆಷಿನ್ನಿಗೆ ಬಂದ ಮೆಸೇಜುಗಳನ್ನು ಕೆಲಸದಿಂದ ಬಂದವಳೇ ಕೇಳಿ, ಅಭ್ಯಾಸಬಲದಿಂದ ಮನೆಯಲ್ಲೂ ಒಂದು ಪುಸ್ತಕದಲ್ಲಿ ಬರೆದುಕೊಂಡು, ಅವರು ಮೇಲೆ ಬರುವ ಮೊದಲೇ ಅಳಿಸಿಬಿಡುತ್ತಿದ್ದೆ. ಸಂಜೆ ಬಂದ ಕರೆಗಳಿಗೆ ನಾನೇ ಉತ್ತರ ಕೊಡುತ್ತಿದ್ದೆ. "ಅವ್ರು ಹೊಸ ಪ್ರಾಜೆಕ್ಟ್‌ನಲ್ಲಿ ತುಂಬಾ ಬಿಜಿ. ಕಾನ್ಫರೆನ್ಸ್ ಕಾಲ್‌ನಲ್ಲಿದಾರೆ." ನಮ್ಮ ಜನರ ಮೊದಲ ಪ್ರಶ್ನೆ ನಿಮಗೆ ಗೊತ್ತೇ ಇದೆ. ಹೆಸರು ಕೇಳುವ ಮೊದಲು "ಎಲ್ಲಿ ಕೆಲ್ಸ ಮಾಡ್ತಿದೀರಿ" ಎಂದು ಕೇಳುತ್ತಾರೆ. ಆ ಪ್ರಶ್ನೆ ಅವರ ಕಿವಿಗೆ ಬೀಳದಂತೆ ಕಾಯುವುದೇ ಪತಿಸೇವೆ ಎಂದುಕೊಂಡಿದ್ದೆ. ಒಳ್ಳೆಯ ಸೇವೆ.

ಅವರಲ್ಲೆಲ್ಲ ಹೆಚ್ಚು ಸಲ ಕರೆ ಮಾಡಿದವನು ಪ್ರಕಾಶ. ಅವನೂ ನಮ್ಮವರೂ ಈ ದೇಶಕ್ಕೆ ಬಂದ ಹೊಸದರಲ್ಲಿ ಜೆರ್ಸಿ ಸಿಟಿಯ ಒಂದೇ ಕೋಣೆಯಲ್ಲಿದ್ದು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡವರು. ಜನವರಿಯಲ್ಲಿ ಅವನ ಕೆಲಸವೂ ಹೋಯಿತಂತೆ. ಕೊನೆಯ ಮೆಸೇಜು ಇನ್ನೂ ನನ್ನ ಕಿವಿಯಲ್ಲಿದೆ. "ಶ್ರೀಧರಾ, ಒಂದ್ಸಲ ಫೋನ್ ಮಾಡೋ. ಕೆಲ್ಸ ಏನಿಲ್ಲ, ಸುಮ್ನೆ ಮಾತಾಡ್ಬೇಕು." ಅದನ್ನೂ ಬರೆದುಕೊಂಡೆ. ಅದನ್ನೂ ಅಳಿಸಿದೆ.

ಮಾರ್ಚಿನಲ್ಲಿ ಒಂದು ದಿನ ಊಟ ಮಾಡುತ್ತಾ ನಮ್ಮವರು ತಲೆ ಎತ್ತದೆ ಹೇಳಿದರು. "ನೋಡು, ಕೆಲ್ಸ ಹೋದ್ಮೇಲೆ ಒಬ್ರೂ ಫೋನ್ ಮಾಡಲ್ಲ." ಆಗಲಾದರೂ ಬಾಯಿ ಬಿಡಬೇಕಿತ್ತು. "ಸಾರು ಬಡಿಸ್ಲಾ" ಎಂದೆ. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಳಿದರೆ ಅವರು ನನ್ನೊಡನೆಯೂ ಮಾತು ಬಿಟ್ಟಾರು ಎಂದು ಹೆದರಿದೆ. ಇನ್ನೊಂದು ಹೆದರಿಕೆ ಇದಕ್ಕಿಂತ ದೊಡ್ಡದು. ಆ ಮನುಷ್ಯ ಬೇಸ್‌ಮೆಂಟಿನಿಂದ ಮತ್ತೆ ಮೇಲೆ ಬರುವುದೇ ಇಲ್ಲವೇನೋ ಎಂದು.

ಏಪ್ರಿಲ್ಲಿನಲ್ಲಿ ಫ್ಲಶಿಂಗಿನ ಗಣೇಶನ ಗುಡಿಗೆ ಒಬ್ಬಳೇ ಹೋದೆ. ದರ್ಶನಕ್ಕಿಂತ ಕ್ಯಾಂಟೀನಿನ ಸಾಲಿನಲ್ಲೇ ಹೆಚ್ಚು ಹೊತ್ತು ನಿಲ್ಲುವ ಭಕ್ತೆ ನಾನು. ಹಿಂದೆ ನಿಂತಿದ್ದ ಹೆಂಗಸು, ಅರವತ್ತೈದು ದಾಟಿರಬೇಕು, ಇಳಕಲ್ ಸೀರೆಯ ಮೇಲೆ ದಪ್ಪ ಸ್ವೆಟರು, ನನ್ನ ಕನ್ನಡ ಕೇಳಿ ಭುಜ ತಟ್ಟಿ, "ಎಲ್ಲೆ ಇರ್ತೀರಿ?" ಎಂದರು. ಮೆಟುಚೆನ್ ಎಂದೆ. ಅವರೂ ಮೆಟುಚೆನ್ನೇ, ಮಗಳ ಮನೆ. ಇಲ್ಲಿಯ ಪದ್ಧತಿಯಂತೆ "ಬನ್ನಿ ಆಂಟಿ, ವಾಪಸು ಒಟ್ಟಿಗೆ ಹೋಗೋಣ," ಎಂದೆ.

"ಆಂಟಿ ಅನಬ್ಯಾಡವಾ. ಶಾಂತಕ್ಕ ಅನ್ನು."

ದಾರಿಯುದ್ದಕ್ಕೂ, ರೈಲು ಬದಲಾಯಿಸಲು ಮ್ಯಾನ್‌ಹಟನ್ನಿನಲ್ಲಿ ಕಾಯುವಾಗಲೂ ಅವರೇ ಮಾತಾಡಿದರು. ನನ್ನನ್ನು ಮೀರಿಸುವವರು ಸಿಕ್ಕಿದ್ದು ಅಪರೂಪ. ಧಾರವಾಡದ ಕಡೆ ಮೂವತ್ತು ವರ್ಷ ಕೃಷಿ ವಿಜ್ಞಾನದ ಲ್ಯಾಬಿನಲ್ಲಿ ಕೆಲಸ ಮಾಡಿದ್ದರು. ಗಾಜಿನ ಬುರುಡೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಇದ್ದಿಲ ಪುಡಿಗೆ ಕಲಸಿ, ಪೊಟ್ಟಣ ಮಾಡಿ ಶೇಂಗಾ, ತೊಗರಿ, ಅಲಸಂದೆ ಬೆಳೆಯುವ ರೈತರಿಗೆ ಕೊಡುವುದು ಅವರ ಕೆಲಸ. ಒಬ್ಬ ರೈತ ಆ ಪೊಟ್ಟಣವನ್ನು ಭಕ್ತಿಯಿಂದ ದೇವರ ದೀಪದ ಪಕ್ಕದಲ್ಲೇ ಎರಡು ತಿಂಗಳು ಇಟ್ಟು ಅಷ್ಟನ್ನೂ ಬೇಯಿಸಿ ಕೊಂದ ಕತೆ ಹೇಳಿ ಈಗಲೂ ಸಂಕಟಪಟ್ಟರು. ಬ್ಯಾಕ್ಟೀರಿಯಾ ಎಂದು ಅವರು ಹೇಳುತ್ತಿದ್ದುದೇ ಕಡಿಮೆ. "ನಮ್ಮ ಮಂದಿ" ಎನ್ನುತ್ತಿದ್ದರು. ರೈಲು ಹಳಿಯ ಪಕ್ಕದ ಸಾರ್ವಜನಿಕ ತೋಟದಲ್ಲಿ ಮಗಳು ಅವರಿಗೊಂದು ತುಂಡು ನೆಲ ಕೊಡಿಸಿದ್ದಳು. ಮಣ್ಣಿನ ಮೂಟೆ ಎತ್ತಲು ಬೆನ್ನು ಬಿಡುವುದಿಲ್ಲ ಎಂದರು.

ನನ್ನ ತಲೆ ಓಡಿತು. ಮನೆಗೆ ಬಂದು, "ಪಾಪ, ವಯಸ್ಸಾದವರು, ಮೂಟೆ ಎತ್ತೋಕೆ ಯಾರೂ ಇಲ್ವಂತೆ," ಎಂದು ಗಂಡನ ಮುಂದೆ ರಾಗ ಎಳೆದೆ. ಯಾವ ಮಾತಿಗೂ ಏಳದವರು ಆ ಮಾತಿಗೆ ಎದ್ದರು. ಎರಡು ಶನಿವಾರ ಹೋಗಿ ಮೂಟೆ ಎತ್ತಿ, ಗೂಟ ಹೊಡೆದು ಬಂದರು. ಶಾಂತಕ್ಕ ಅವರನ್ನು ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನಗೆ ಅವರಲ್ಲಿ ಮೊದಲು ಇಷ್ಟವಾದ ಗುಣ ಅದೇ.

ಬಿತ್ತನೆಯ ಹಿಂದಿನ ದಿನ ಶಾಂತಕ್ಕ ಫೋನ್ ಮಾಡಿ, "ಇಲ್ಲಿ ಮಣ್ಣು ಟ್ರಕ್ಕಿನ್ಯಾಗ ತಂದು ಸುರದದ್ದು. ಅದರಾಗ ನಮ್ಮ ಮಂದಿ ಇಲ್ಲ. ನಾಳೆ ಹೆಪ್ಪು ಹಾಕೂಣು, ಇಬ್ಬರೂ ಬರ್ರಿ," ಎಂದರು. ಹೆಪ್ಪು ಎಂದರೆ ಮೈಸೂರಿನವಳಿಗೆ ಏನು ಅರ್ಥವಾಗಬೇಕೋ ಅದೇ ಅರ್ಥವಾಯಿತು. ಗಟ್ಟಿ ಮೊಸರನ್ನು ಸ್ಟೀಲ್ ಡಬ್ಬಿಯ ತುಂಬ ಹಾಕಿಕೊಂಡು, ಇಷ್ಟು ದೊಡ್ಡ ಮಡಿಗೆ ಇದು ಸಾಕಾದೀತೇ ಎಂಬ ಚಿಂತೆಯಲ್ಲೇ ಹೋದೆ. ಅವರು ಕಾಣುವ ಮೊದಲೇ ಒಂದು ಮೂಲೆಗೆ ಎರಡು ಚಮಚ ಸುರಿದೂ ಬಿಟ್ಟಿದ್ದೆ. ಶಾಂತಕ್ಕ ನಕ್ಕು ನಕ್ಕು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತರು. ತಿರುಗಿ ನೋಡಿದರೆ ನಮ್ಮವರೂ ನಗುತ್ತಿದ್ದರು. ಏಳು ತಿಂಗಳ ಮೇಲೆ ನಕ್ಕಿದ್ದು. ಇನ್ನೊಂದು ಡಬ್ಬಿ ಮೊಸರು ಸುರಿಯಲೂ ನಾನು ತಯಾರಿದ್ದೆ.

ಉಳಿದ ಮೊಸರಿಗೆ ಶಾಂತಕ್ಕ ತಂದಿದ್ದ ಅವಲಕ್ಕಿ ಕಲಸಿ ತಿಂದೆವು. ಆಮೇಲೆ ಅವರು ಬೀಜದಂಗಡಿಯಿಂದ ತರಿಸಿದ್ದ ಕರಿ ಪುಡಿಯನ್ನು ಬೆಲ್ಲದ ನೀರಿಗೆ ಹಾಕಿ, ಇಂಡಿಯನ್ ಸ್ಟೋರಿನ ಅಲಸಂದೆಗೆ ಕಲಸಿ ತೋರಿಸಿದರು. ಮೂರು ಸಾಲು ಶಾಂತಕ್ಕನದು, ಕೊನೆಯ ಒಂದು ಸಾಲು ನಮ್ಮವರದು. "ಇದು ನಿಮ್ಮದು ಶ್ರೀಧರ. ನಾ ಕೈ ಹಚ್ಚೂದಿಲ್ಲ," ಎಂದರು.

ಕಾಳು ಮೊಳೆಯಿತು, ಎಲೆ ಬಂತು. ಜೂನ್ ಕೊನೆಗೆ ನಾಲ್ಕೂ ಸಾಲು ಹಳದಿಗೆ ತಿರುಗಿತು. ಶಾಂತಕ್ಕ ಮಾತ್ರ ನಿರಾಳ.

"ಹಸಿವಿ ಆಗೇದ ಅದಕ್ಕ. ಆಗಲಿ. ಹಸಿವಿ ಆತಂದ್ರ ಬೇರು ಮಣ್ಣಿನ್ಯಾಗ ಒಂದು ರಸಾ ಬಿಡ್ತದ, ಅದು ಕರಿಯೂದು. ಆ ಜಾಡು ಹಿಡದು ನಮ್ಮ ಮಂದಿ ಬರ್ತಾರ. ಬೇರಿನ ಕೂದಲಾ ಹಿಂಗ ಬೆರಳು ಮಡಚಿದಂಗ ಮಡಚಿ ಒಳಗ ಕರಕೋತದ, ಗಂಟು ಕಟ್ಟಿ ಮನಿ ಮಾಡಿ ಕೊಡ್ತದ. ಇವರು ಗಾಳಿಯೊಳಗಿನ ಸಾರಜನಕ ಹಿಡದು ಕೊಡ್ತಾರ, ಅದು ಇವರಿಗೆ ಸಕ್ಕರಿ ಕೊಡ್ತದ. ಹದಿನೈದು ದಿನಾ ತಡೀರಿ."

ನಮ್ಮವರು ಮಂಡಿಯೂರಿ ಕುಳಿತು ತಮ್ಮ ಸಾಲಿನ ಹಳದಿ ಎಲೆಯನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದರು. ಆ ಕುಳಿತ ಭಂಗಿ ನನಗೆ ಬೇಸ್‌ಮೆಂಟನ್ನು ನೆನಪಿಸಿತು. ಇದೂ ಸೋತರೆ ಈ ಮನುಷ್ಯ ಏನಾಗುತ್ತಾರೆ? ಹದಿನೈದು ದಿನ ತಡೆಯಲು ಶಾಂತಕ್ಕನಿಗೇನು, ಅವರ ಗಂಡನೇ?

ಮರುದಿನವೇ ಹಾರ್ಡ್‌ವೇರ್ ಅಂಗಡಿಯಿಂದ ಗಿಡಗಳಿಗೆ ಹಾಕುವ ನೀಲಿ ಪುಡಿಯ ಡಬ್ಬ ತಂದು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮುಂಚೆ ತೋಟಕ್ಕೆ ಹೋಗಿ, ಪುಡಿ ಕರಗಿಸಿ, ಅವರ ಸಾಲಿಗೆ ಮಾತ್ರ ಎರೆದು ಬರುತ್ತಿದ್ದೆ. ವಾರಕ್ಕೆ ಮೂರು ಸಲ. ಕಳ್ಳತನದಲ್ಲಿ ನನಗೆ ಆಗಲೇ ಸಾಕಷ್ಟು ಅನುಭವವಿತ್ತು.

ಸಾಲು ಹಸಿರಾಗಿ ಎದ್ದು ನಿಂತಿತು. ಶಾಂತಕ್ಕನ ಸಾಲುಗಳು ಇನ್ನೂ ಪೇಲವವಾಗಿರುವಾಗ ನಮ್ಮವರ ಬಳ್ಳಿ ಗೂಟ ದಾಟಿ ಹಬ್ಬಿತು. ಒಂದು ಸಂಜೆ ಅಡುಗೆಮನೆಗೆ ತಾವೇ ಬಂದು, "ನನ್ನ ಸಾಲು ನೋಡಿದೀಯಾ?" ಎಂದು ಕೇಳಿದರು. ಆ ರಾತ್ರಿಯ ಊಟಕ್ಕೆ ಪಾಯಸ ಮಾಡಿದೆ. ಇಷ್ಟು ಸಂತೋಷ ಕೊಡುವ ಮೋಸದಲ್ಲಿ ತಪ್ಪೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಸ್ಟ್ ಬಂತು. ಶಾಂತಕ್ಕನ ಗಿಡಗಳು ಅಷ್ಟರಲ್ಲಿ ಬಣ್ಣ ತಿರುಗಿ, ಹೂ ಬಿಟ್ಟು, ಬೆರಳುದ್ದದ ಕಾಯಿ ಇಳಿಬಿಟ್ಟಿದ್ದವು. ನಮ್ಮವರ ಸಾಲಿನಲ್ಲಿ ಬರೀ ಎಲೆ, ಎಲೆ, ಎಲೆ. ಒಂದು ಭಾನುವಾರ ಮೂವರೂ ಅದರ ಮುಂದೆ ನಿಂತಿದ್ದೆವು. ಶಾಂತಕ್ಕ ತಮ್ಮ ಸಾಲಿನಿಂದ ಒಂದು ಗಿಡವನ್ನು ಬೇರು ಸಮೇತ ಎಬ್ಬಿಸಿದರು. ಬೇರಿನ ತುಂಬ ಸಾಸಿವೆ, ಕೊತ್ತಂಬರಿ ಬೀಜದಷ್ಟು ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ಮಾಂಸದ ಹಾಗೆ ಗುಲಾಬಿ ಬಣ್ಣ. "ಇದು ನಮ್ಮ ರಕ್ತದಾಗ ಇರೂ ಹಂತಾದ್ದೇ ಬಣ್ಣಾ," ಎಂದರು. ಆಮೇಲೆ ನಮ್ಮವರ ಸಾಲಿನಿಂದ ಒಂದನ್ನು ಕಿತ್ತರು. ಬೇರು ಬೋಳು. ತೊಳೆದ ಶ್ಯಾವಿಗೆಯ ಹಾಗೆ ಬೆಳ್ಳಗಿತ್ತು. ಒಂದು ಗಂಟೂ ಇರಲಿಲ್ಲ.

"ಇದಕ್ಕ ಯಾರರೆ ಗೊಬ್ಬರಾ ಹಾಕ್ಯಾರೇನು? ಹೊರಗಿಂದ ಪುಕ್ಕಟೆ ಸಿಕ್ಕರ ಬೇರು ಕರಿಯೂದ ಬಿಡ್ತದ. ನಮ್ಮ ಮಂದಿ ಪಕ್ಕದಾಗ ಇದ್ದರೂ ಒಳಗ ಬರೂದಿಲ್ಲ."

"ನೀರು ಬಿಟ್ರೆ ಏನೂ ಹಾಕಿಲ್ಲ ಅಕ್ಕಾ," ಎಂದರು ನಮ್ಮವರು.

ಶಾಂತಕ್ಕ ಒಂದೇ ಒಂದು ಸಲ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಅವರು ಹೇಳುವುದಿಲ್ಲ ಎಂಬುದೂ ನನಗೆ ಗೊತ್ತಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಮ್ಮವರು ಆ ಬೋಳು ಬೇರನ್ನು ಕೈಯಲ್ಲಿ ಹಿಡಿದು, ಇದೂ ನನ್ನ ಕೈಯಲ್ಲಿ ಆಗಲಿಲ್ಲ ಎನ್ನುವಂತೆ ನೋಡುತ್ತಿದ್ದರು. ಆ ಮುಖವನ್ನು ನಾನು ಅಕ್ಟೋಬರಿನಲ್ಲಿ ಒಮ್ಮೆ ನೋಡಿದ್ದೆ. ಎರಡನೇ ಸಲ ನೋಡುವ ಶಕ್ತಿ ಇರಲಿಲ್ಲ.

"ನಾನು ಹಾಕಿದೆ," ಎಂದೆ.

"ಏನು?"

"ನೀಲಿ ಪುಡಿ. ಬೆಳಿಗ್ಗೆ ಬೆಳಿಗ್ಗೆ ಬಂದು. ಹಳದಿ ಆಗಿತ್ತಲ್ಲ, ಎಲ್ಲಿ ಸತ್ತೋಗತ್ತೋ ಅಂತ."

ಅವರು ಬೇರನ್ನು ನಿಧಾನವಾಗಿ ಕೆಳಗಿಟ್ಟರು. ಶಾಂತಕ್ಕ ನೀರು ತರುತ್ತೇನೆಂದು ಖಾಲಿ ಬಕೆಟ್ಟು ಎತ್ತಿಕೊಂಡು ಅತ್ತ ಹೋದರು.

"ನನಗೆ ಗೊತ್ತಿಲ್ದೆ ಇನ್ನೂ ಏನೇನು ಮಾಡಿದೀಯಾ?" ಎಂದು ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಅದಕ್ಕೇ ಸುಳ್ಳು ಹೇಳಲಾಗಲಿಲ್ಲ.

ಹೇಳಿದೆ. ಪ್ರಾಜೆಕ್ಟ್, ಕಾನ್ಫರೆನ್ಸ್ ಕಾಲ್, ಅಳಿಸಿದ ಮೆಸೇಜು, ಎಲ್ಲವನ್ನೂ. "ಎಲ್ರೂ ಫೋನ್ ಮಾಡ್ತಿದ್ರು," ಎಂದೆ. "ವಾರಾ ವಾರಾ ಮಾಡ್ತಿದ್ರು." ಹಳಿಯ ಮೇಲೆ ರೈಲೊಂದು ಹೋಯಿತು.

"ಯಾರಿಗೂ ನಾನು ಬೇಡ ಅಂದ್ಕೊಂಡಿದ್ದೆ," ಎಂದರು.

ಇವತ್ತಿಗೂ ಆ ಮಾತು ನೆನೆದರೆ ನನಗೆ ಅಳು ಬರುತ್ತದೆ. ಅವತ್ತು ಮಾತ್ರ ಅಳಲಿಲ್ಲ, ಅಳುವುದಕ್ಕೂ ಮುಖವಿರಬೇಕಲ್ಲ. ಮನೆಗೆ ಬಂದು, ಟವೆಲ್ಲುಗಳ ಕೆಳಗೆ ಇಟ್ಟಿದ್ದ ಆ ಪುಸ್ತಕ ತೆಗೆದು ಅವರ ಮುಂದಿಟ್ಟೆ. ಹೆಸರು, ಹೊತ್ತು, ಏನು ಹೇಳಿದರು, ಎಲ್ಲ ಕ್ಲಿನಿಕ್ಕಿನ ಕ್ರಮದಲ್ಲೇ ಇತ್ತು. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಟ್ಟ ಕೆಲಸ ಇನ್ನೊಂದಿಲ್ಲ. ಅವರು ಊಟದ ಮೇಜಿನ ಮುಂದೆ ಕುಳಿತು ಒಂದೊಂದೇ ಹಾಳೆ ಓದಿದರು. ಓದಿ, ಮೊದಲ ಹಾಳೆಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿದರು. ನಾನು ಸಿಂಕಿನ ಮುಂದೆ ಬೆನ್ನು ಮಾಡಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತೆ.

"ಹಲೋ, ನಾನು ಶ್ರೀಧರ... ಇಲ್ಲಪ್ಪಾ, ಪ್ರಾಜೆಕ್ಟು ಏನೂ ಇಲ್ಲ. ಅಕ್ಟೋಬರಲ್ಲೇ ಕೆಲ್ಸ ಹೋಯ್ತು."

ಆ ಕಡೆಯಿಂದ ಏನೋ ಉತ್ತರ ಬಂತು. ಇವರು, "ನಿಂದೂನಾ?" ಎಂದರು. ಆಮೇಲೆ ಇಬ್ಬರೂ ನಗುವುದು ಕೇಳಿಸಿತು.

ಸಂಜೆಯವರೆಗೂ ಫೋನು ಬಿಸಿಯಾಗುವಷ್ಟು ಮಾತಾಡಿದರು. ಪ್ರಕಾಶನ ನಂಬರಿಗೆ ಮೂರು ಸಲ ಪ್ರಯತ್ನಿಸಿದರು. ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಮೇ ತಿಂಗಳಲ್ಲೇ ಮನೆ ಖಾಲಿ ಮಾಡಿ ಇಂಡಿಯಾಕ್ಕೆ ಹೋದನಂತೆ ಎಂದು ಆಮೇಲೆ ಯಾರೋ ಹೇಳಿದರು. ಯಾವ ಊರಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಡುಕಿದರು, ಈಗಲೂ ಆಗಾಗ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾರೆ. ಆ ಹೆಸರಿನವರು ಸಾವಿರ ಜನ ಸಿಗುತ್ತಾರೆ, ಅವನು ಸಿಗಲಿಲ್ಲ.

ನಮ್ಮವರಿಗೆ ಆ ಚಳಿಗಾಲದಲ್ಲಿ ಸೀಕಾಕಸ್‌ನ ಒಂದು ಗೋದಾಮಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು, ಪುಸ್ತಕದಲ್ಲಿದ್ದ ಒಬ್ಬರ ಮೂಲಕವೇ. ಶಾಂತಕ್ಕ ಇನ್ನೆರಡು ಬೇಸಿಗೆ ನಮ್ಮೊಂದಿಗೆ ಬಿತ್ತಿ ಧಾರವಾಡಕ್ಕೆ ಮರಳಿದರು. ಈಗ ಇಲ್ಲ. ಅವರ ತುಂಡು ನೆಲವನ್ನು ನಾವೇ ಮಾಡುತ್ತಿದ್ದೇವೆ. ಅಂದರೆ ನಮ್ಮವರು ಮಾಡುತ್ತಾರೆ, ನಾನು ಕಾಯಿ ಕೀಳುತ್ತೇನೆ. ಆ ಭಾನುವಾರದ ನಂತರ ಅವರು ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪ್ರಕಾಶನ ಹೆಸರನ್ನು ನಾವಿಬ್ಬರೂ ಎತ್ತದೆ ಇಷ್ಟು ವರ್ಷ ಕಳೆದೆವು.

ಇವತ್ತು ಬೆಳಿಗ್ಗೆ ಏನಾಯಿತೋ ಗೊತ್ತಿಲ್ಲ. ಬೆಲ್ಲದ ನೀರು ಆರಿತ್ತು. ಅವರು ಪುಡಿ ಸುರಿದು, ಕಾಳು ಹಾಕಿ, ಕೈಯಿಂದ ಮೆತ್ತಗೆ ಕಲಸುತ್ತಿದ್ದರು. ಬೆರಳೆಲ್ಲ ಕರಿ.

"ಪ್ರಕಾಶನ ವಿಷಯ ಒಂದು ಹೇಳ್ಬೇಕಿತ್ತು," ಎಂದೆ. "ಆ ಮೆಸೇಜು ನಾನು ಅಳಿಸದೆ ಇದ್ದಿದ್ರೆ..."

ಅವರು ಕಲಸುವುದನ್ನು ನಿಲ್ಲಿಸಲಿಲ್ಲ. "ಅವನ ನಂಬರು ನನಗೆ ಬಾಯಿಪಾಠ ಇತ್ತು," ಎಂದರು.

ನಾನು ಪುಡಿಯ ಖಾಲಿ ಪೊಟ್ಟಣ ಮಡಚತೊಡಗಿದೆ.

"ಫೋನು ಮೇಲೇ ಇತ್ತಲ್ಲ. ಹತ್ತು ತಿಂಗಳು ನಾನೂ ಮಾಡ್ಲಿಲ್ಲ."

"ಆದ್ರೆ ಮುಚ್ಚಿಟ್ಟಿದ್ದು ನಾನು ತಾನೇ? ತಪ್ಪೆಲ್ಲ ನಂದೇ..."

"ಅವನಿಗೆ ಫೋನ್ ಮಾಡದೆ ಇದ್ದಿದ್ದು ನನ್ನ ತಪ್ಪು ಕಣೇ," ಎಂದರು ತಲೆ ಎತ್ತಿ. "ಅದನ್ನಾದ್ರೂ ನನಗೆ ಬಿಡು."

ಕಾಳಿನತ್ತ ಕೈ ಚಾಚಿದೆ. ಮುಟ್ಟಲಿಲ್ಲ.